ಹಳೆಯ ಕಾರಿನ ಚಕ್ರ, ಹಬ್‌ಕ್ಯಾಪ್: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ: ನನ್ನ ಬಳಿ 1950ರ ದಶಕದ ಕಾರೊಂದಿದೆ. ಅದರ ಉಕ್ಕಿನ ಚಕ್ರಗಳಿಗೆ ತುಕ್ಕು ಹಿಡಿದಿದೆ. ಚಕ್ರದ ನಡುಭಾಗವನ್ನು ಮುಚ್ಚುವ ಲೋಹದ ಮುಚ್ಚಳಗಳಾದ ಹಬ್‌ಕ್ಯಾಪ್‌ಗಳಲ್ಲಿ ಎರಡು ನೆಗ್ಗಿವೆ, ಒಂದರ ಹೊಳಪು ಸಿಪ್ಪೆಯಂತೆ ಏಳುತ್ತಿದೆ. ಹಬ್‌ಕ್ಯಾಪ್‌ಗಳಿಗೆ ಮತ್ತೆ ಕ್ರೋಮಿಯಂ ಲೇಪನ, ಚಕ್ರಗಳಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಕಾಯಿಸಿ ಹೊದಿಸುವುದು) ಮಾಡಿಸಿದರೆ ಸಾಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ನಿಮ್ಮ ಪರಿಚಿತರು ಹೇಳಿರುವುದು ಕೆಲಸದ ಕೊನೆಯ ಹಂತವನ್ನು. ಹಬ್‌ಕ್ಯಾಪ್ ಕಳಚಿ ಬಿದ್ದರೂ ಕಾರು ಮನೆ ಸೇರುತ್ತದೆ, ಆದರೆ ಚಕ್ರದ ವಿಷಯ ಹಾಗಲ್ಲ. ಆದ್ದರಿಂದ ಮೊದಲು ಟೈರು, ಟ್ಯೂಬುಗಳನ್ನು ಬಿಚ್ಚಿಸಿ ರಿಮ್ಮಿನ ಒಳಭಾಗವನ್ನು ನೋಡಿ. ಟ್ಯೂಬಿನ ಅಡಿಗೆ ಸೇರಿದ ತೇವ ಹೊರಗೆ ಆರಿಹೋಗದೆ ಅಲ್ಲೇ ಉಳಿಯುವುದರಿಂದ, ಹೊರಗೆ ಚೆನ್ನಾಗಿಯೇ ಕಾಣುವ ಚಕ್ರ ಒಳಗೆ ಗುಳಿಗುಳಿಯಾಗಿ ತುಕ್ಕು ತಿಂದಿರುವುದು ಅಪರೂಪವೇನಲ್ಲ.

ಬಿರುಕುಗಳು ಸಾಮಾನ್ಯವಾಗಿ ಎರಡು ಕಡೆ ಅಡಗಿರುತ್ತವೆ: ನಟ್ಟಿನ ರಂಧ್ರಗಳ ಸುತ್ತ, ಮತ್ತು ನಡುವಿನ ತಟ್ಟೆ ರಿಮ್ಮಿಗೆ ಕೂಡುವ ರಿವೆಟ್ ಅಥವಾ ವೆಲ್ಡಿಂಗ್ ಜಾಗದಲ್ಲಿ. ಆ ಭಾಗವನ್ನು ಬರಿಯ ಲೋಹ ಕಾಣುವಂತೆ ಶುಚಿಗೊಳಿಸಿ, ಬಿರುಕು ಪತ್ತೆಗೆಂದೇ ಸಿಗುವ ಕೆಂಪು ದ್ರವವನ್ನು ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಬಿಟ್ಟು ಒರೆಸಿ, ಬಳಿಕ ಅದರ ಜೊತೆಗೆ ಬರುವ ಬಿಳಿ ದ್ರವವನ್ನು ಹಚ್ಚಿ. ಕೂದಲೆಳೆಯ ಬಿರುಕಿದ್ದರೂ ಬಿಳಿಯ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿ ಬರುತ್ತದೆ. ಹಾಗೆ ಗೆರೆ ಮೂಡಿದ ಚಕ್ರವನ್ನು ವೆಲ್ಡ್ ಮಾಡಿಸಿ ಉಳಿಸಿಕೊಳ್ಳುವ ಆಸೆ ಬೇಡ. ಬೇರೆ ಚಕ್ರ ಹುಡುಕಿ. ರಂಧ್ರಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದರೂ ಇದೇ ಮಾತು.

ಚಕ್ರ ಗಟ್ಟಿಯಾಗಿದ್ದರೆ ತುಕ್ಕು ತೆಗೆಯಲು ಒತ್ತಡದ ಗಾಳಿಯಿಂದ ಒರಟು ಕಣಗಳನ್ನು ಚಿಮ್ಮಿಸುವ ಸ್ಯಾಂಡ್‌ಬ್ಲಾಸ್ಟಿಂಗ್ ಆಗಬಹುದು. ಮನೆಯಲ್ಲೇ ಮಾಡುವುದಾದರೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಚಕ್ರವನ್ನು ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಚಕ್ರಕ್ಕೂ ಧನ ತಂತಿಯನ್ನು ಸಾಧಾರಣ ಕಬ್ಬಿಣದ ತುಂಡೊಂದಕ್ಕೂ ಜೋಡಿಸುವ ವಿಧಾನವಿದೆ. ಇದು ತುಕ್ಕನ್ನು ಸಡಿಲಿಸುತ್ತದೆ, ಒಳ್ಳೆಯ ಲೋಹವನ್ನು ಮುಟ್ಟುವುದಿಲ್ಲ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸಂಯುಕ್ತ ಸೇರುತ್ತದೆ, ಆದ್ದರಿಂದ ಅದು ಸಲ್ಲದು. ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಬಯಲಿನಲ್ಲಿ, ಕಿಡಿಯಿಲ್ಲದ ಕಡೆ ಮಾಡಿ. ಶುಚಿಯಾದ ಉಕ್ಕು ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗತೊಡಗುವುದರಿಂದ ಅದೇ ದಿನ ಪ್ರೈಮರ್ ಬೀಳಬೇಕು.

ಪೌಡರ್ ಕೋಟಿಂಗ್ ಗಟ್ಟಿ ಹೊದಿಕೆಯೆಂಬುದು ನಿಜ, ಆದರೂ ಇಂಥ ಕಾರಿಗೆ ನಾನು ಬಣ್ಣವನ್ನೇ ಆರಿಸುತ್ತೇನೆ. ಆ ಹೊದಿಕೆ ದಪ್ಪವಾಗಿ ಕೂತು ಅಂಚುಗಳನ್ನೆಲ್ಲ ದುಂಡಗಾಗಿಸುವುದರಿಂದ ಚಕ್ರ ಪ್ಲಾಸ್ಟಿಕ್ಕಿನದರಂತೆ ಕಾಣುತ್ತದೆ. ಯಾವುದನ್ನು ಮಾಡಿಸಿದರೂ ನಟ್ ಕೂರುವ ಇಳಿಜಾರು ಗುಣಿಗಳನ್ನೂ ಚಕ್ರವನ್ನು ಹೊರುವ ನಡುಭಾಗಕ್ಕೆ (ಹಬ್) ಚಕ್ರ ಒತ್ತಿಕೊಳ್ಳುವ ಹಿಂಬದಿಯನ್ನೂ ಟೇಪಿನಿಂದ ಮುಚ್ಚಿಸಿ. ಅಲ್ಲಿ ದಪ್ಪ ಪದರ ಉಳಿದರೆ ಅದು ಒತ್ತಡಕ್ಕೆ ಸಿಕ್ಕಿ ತೆಳುವಾಗುತ್ತಾ, ಬಿಗಿದ ನಟ್ಟು ತಾನಾಗಿ ಸಡಿಲವಾಗುತ್ತದೆ.

ಇನ್ನು ಹಬ್‌ಕ್ಯಾಪ್. ಮರುಲೇಪನಕ್ಕೆ ಕೊಡುವ ಮುನ್ನ ಅದು ಯಾವ ಲೋಹದ್ದೆಂದು ತಿಳಿಯಿರಿ, ಏಕೆಂದರೆ ನಿಮ್ಮವುಗಳಲ್ಲಿ ಕೆಲವಕ್ಕೆ ಲೇಪನವೇ ಬೇಡವಾಗಿರಬಹುದು. ಹಿಂಬದಿಯಲ್ಲಿ ತುಕ್ಕಿದ್ದರೆ ಅದು ಲೇಪನ ಪಡೆದ ಉಕ್ಕು. ಸವೆದ ಕಡೆ ಹಳದಿ ಇಣುಕಿದರೆ ಹಿತ್ತಾಳೆ. ಎರಡೂ ಬದಿ ತುಕ್ಕಿಲ್ಲದೆ ಒಂದೇ ಬಣ್ಣವಿದ್ದರೆ ಸ್ಟೇನ್‌ಲೆಸ್ ಆಗಿರುವ ಸಾಧ್ಯತೆ ಹೆಚ್ಚು. ಅಯಸ್ಕಾಂತವನ್ನು ಮಾತ್ರ ನಂಬಬೇಡಿ, ಸ್ಟೇನ್‌ಲೆಸ್‌ನ ಕೆಲವು ಬಗೆಗಳೂ ಅದಕ್ಕೆ ಅಂಟಿಕೊಳ್ಳುತ್ತವೆ.

ಸ್ಟೇನ್‌ಲೆಸ್ ಆಗಿದ್ದರೆ ನೆಗ್ಗು ತೆಗೆದು ಉಜ್ಜಿದರೆ ಮುಗಿಯಿತು. ಮರಳಿನ ಚೀಲದ ಮೇಲೆ ಕ್ಯಾಪನ್ನು ಮಗುಚಿಟ್ಟು, ನೆಗ್ಗಿನ ಅಂಚಿನಿಂದ ಸುತ್ತುತ್ತ ನಡುವಿನತ್ತ ಬರುವಂತೆ ಚಿಕ್ಕ ಕೊಡತಿಯಿಂದ ಮೆಲ್ಲಗೆ ತಟ್ಟಿ. ನಡುವಿಗೇ ಜೋರಾಗಿ ಹೊಡೆದರೆ ತಗಡು ಹಿಗ್ಗಿ, ಒಳಗಿದ್ದ ಗುಳಿ ಹೊರಗಿನ ಉಬ್ಬಾಗುತ್ತದೆ. ಬಳಿಕ 320ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಕಾಗದ; ಅಂಕಿ ಏರಿದಷ್ಟೂ ನುಣುಪು) ಆರಂಭಿಸಿ 400, 600, 1000 ಎಂದು ಏರುತ್ತ, ಪ್ರತಿ ಸಲವೂ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ. ಹಿಂದಿನ ಗೀರು ಪೂರ್ತಿ ಅಳಿಯುವ ಮೊದಲೇ ಮುಂದಿನ ಪೇಪರಿಗೆ ಕೈಹಾಕಿದವರು ಕೊನೆಯಲ್ಲಿ ತಿರುಗುವ ಬಟ್ಟೆಯ ಗಾಲಿಯಿಂದ ಹೊಳಪು ಕೊಟ್ಟಾಗ (ಬಫ್) ಪಶ್ಚಾತ್ತಾಪ ಪಡುತ್ತಾರೆ.

ಲೇಪನದ ಕ್ಯಾಪುಗಳ ವಿಷಯ ಬೇರೆ. ಮೇಲಿನ ಕ್ರೋಮಿಯಂ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳು, ಲೋಹವನ್ನು ಕಾಯುವುದು ಅದರಡಿಯ ನಿಕಲ್. ಸಿಪ್ಪೆ ಏಳುತ್ತಿರುವ ಕ್ಯಾಪನ್ನು ಪಾಲಿಶ್ ಹಾಕಿ ಸರಿಪಡಿಸಲಾಗದು. ಹಳೆಯದನ್ನು ಪೂರ್ತಿ ತೆಗೆಸಿ ಹೊಸದಾಗಿ ನಿಕಲ್, ಕ್ರೋಮಿಯಂ ಹಾಕಿಸಬೇಕು. ಇದರ ದ್ರಾವಣ ಅಪಾಯಕಾರಿಯಾದ್ದರಿಂದ ಮನೆಯಲ್ಲಿ ಪ್ರಯೋಗ ಬೇಡ. ಉಳಿದ ಮೂರರ ಲೇಪನ ಗಟ್ಟಿಯಾಗಿದ್ದು ಕೊಂಚ ಮಂಕಾಗಿದ್ದರೆ ಹಾಗೆಯೇ ಬಿಡಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ದುರಸ್ತಿಯ ಬಳಿಕ ನನ್ನ ಕಾರಿನ ಹಬ್‌ಕ್ಯಾಪ್ ತಿರುವುಗಳಲ್ಲಿ ಹಾರಿ ಬೀಳುತ್ತಿದೆ. ಕಾರಣವೇನು?

ಉತ್ತರ: ಕ್ಯಾಪನ್ನು ಹಿಡಿಯುವ ಸ್ಪ್ರಿಂಗ್ ಕ್ಲಿಪ್ಪುಗಳು ಸೋತಿರಬೇಕು. ಅವುಗಳನ್ನು ತುಸು ಹೊರಕ್ಕೆ ಬಾಗಿಸಿ ನೋಡಿ. ತುಕ್ಕು ತೆಗೆಯಲೆಂದು ಚಕ್ರದ ಜೊತೆಗೆ ಅವನ್ನೂ ಆಮ್ಲದಲ್ಲಿ ಅದ್ದಿದ್ದರೆ ಬಾಗಿಸುವ ಗೋಜಿಗೆ ಹೋಗದೆ ಬದಲಿಸುವುದೇ ಲೇಸು, ಏಕೆಂದರೆ ಸ್ಪ್ರಿಂಗ್ ಉಕ್ಕು ಆಮ್ಲದಲ್ಲಿ ಹೈಡ್ರೋಜನ್ ಹೀರಿ ಪೆಡಸಾಗಿ ಪಟ್ಟನೆ ಮುರಿಯಬಹುದು. ಹಬ್‌ಕ್ಯಾಪ್ ಇರುವಾಗ ನಟ್ಟುಗಳು ಕಣ್ಣಿಗೆ ಬೀಳುವುದಿಲ್ಲ. ಬಣ್ಣ ಬಳಿದ ಚಕ್ರಗಳ ನಟ್ಟುಗಳನ್ನು ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿದಿದೆಯೆಂದು ತೋರುವ ಸ್ಪ್ಯಾನರ್) ಬಿಗಿದು, ಸುಮಾರು 80ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಪರೀಕ್ಷಿಸುವವರೆಗೆ ಕ್ಯಾಪುಗಳು ಡಿಕ್ಕಿಯಲ್ಲೇ ಇರಲಿ.