ನ್ಯೂಜೆರ್ಸಿ ರಸ್ತೆಯಲ್ಲಿ ಮಫ್ತಿ ಪೊಲೀಸ್ ಕಾರನ್ನು ಗುರುತು ಹಿಡಿಯುವುದು ಹೇಗೆ?

ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದು ಮೂರು ತಿಂಗಳಾಯಿತು, ಲೈಸೆನ್ಸ್ ಈಗಷ್ಟೇ ಸಿಕ್ಕಿದೆ, ಮೊನ್ನೆ ಪಕ್ಕದಲ್ಲೇ ಹೋಗುತ್ತಿದ್ದ ಬೂದು ಬಣ್ಣದ ಮಾಮೂಲಿ ಕಾರೊಂದು ಇದ್ದಕ್ಕಿದ್ದ ಹಾಗೆ ಕೆಂಪು-ನೀಲಿ ದೀಪ ಹಾಕಿ ಮುಂದಿನ ಗಾಡಿಯನ್ನು ನಿಲ್ಲಿಸಿತು, ಇಂಥ ಕಾರನ್ನು ಮೊದಲೇ ಗುರುತು ಹಿಡಿಯಬಹುದಾ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಹಿಡಿಯಬಹುದು. ನಾನು ಎಡಿಸನ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ದಿನಾ 287 ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ, ನೋಡಿ ನೋಡಿ ಕಣ್ಣು ಪಳಗಿದೆ. ಆದರೆ ಗುರುತು ಹಿಡಿಯುವುದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ನೀವು ಹೊಸಬರು, ಅದಕ್ಕೇ ಅದನ್ನೂ ಹೇಳುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಮೊದಲು ಇಲ್ಲಿ ಇಷ್ಟೊಂದು ಮಫ್ತಿ ಕಾರು ಯಾಕೆ ಅಂತ ನೋಡೋಣ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈಗ ಕ್ಯಾಮೆರಾನೇ ಹಿಡಿಯುತ್ತದೆ, ಫೋನಿಗೆ ದಂಡದ ಮೆಸೇಜ್ ಬರುತ್ತದೆ. ಇಲ್ಲಿ ಪಕ್ಕದ ನ್ಯೂಯಾರ್ಕ್ ಸಿಟಿಯಲ್ಲೂ ಶಾಲೆಗಳ ಸುತ್ತಮುತ್ತ ಹಾಕಿರುವ ಸ್ಪೀಡ್ ಕ್ಯಾಮೆರಾಗಳು 2022ರ ಆಗಸ್ಟ್‌ನಿಂದ ಹಗಲೂ ರಾತ್ರಿ ಕೆಲಸ ಮಾಡುತ್ತಿವೆ. ನ್ಯೂಜೆರ್ಸಿಯಲ್ಲಿ ಆ ಪದ್ಧತಿ ಇಲ್ಲ. ಸಿಗ್ನಲ್ ಜಂಪ್ ಹಿಡಿಯುವ ಕ್ಯಾಮೆರಾಗಳನ್ನು ಕೆಲವು ಊರುಗಳಲ್ಲಿ ಪ್ರಯೋಗಕ್ಕೆ ಅಂತ ಹಾಕಿದ್ದರು, ಅದೂ 2014ರ ಡಿಸೆಂಬರ್‌ಗೆ ನಿಂತುಹೋಯಿತು. ಹಾಗಾಗಿ ಇಲ್ಲಿ ಹಿಡಿಯುವವರು ಮನುಷ್ಯರೇ, ಹಿಡಿಯಬೇಕಾದರೆ ಅವರು ರಸ್ತೆಯಲ್ಲೇ ಇರಬೇಕು.

ಈಗ ಕಾರಿನ ವಿಷಯ. ಹಳಬರು ಈಗಲೂ ‘ಕ್ರೌನ್ ವಿಕ್’ ಅನ್ನುತ್ತಾರೆ, ಅಂದರೆ ಫೋರ್ಡ್ ಕ್ರೌನ್ ವಿಕ್ಟೋರಿಯಾ. ಆಗ ಕೆಲಸ ಸುಲಭವಿತ್ತು, ಉದ್ದನೆಯ ಆ ಪೆಟ್ಟಿಗೆಯಂಥ ಕಾರು ಕನ್ನಡಿಯಲ್ಲಿ ಕಂಡರೆ ಎಲ್ಲರೂ ಬ್ರೇಕ್ ಒತ್ತುತ್ತಿದ್ದರು. 2011ಕ್ಕೆ ಫೋರ್ಡ್ ಅದನ್ನು ತಯಾರಿಸುವುದು ನಿಲ್ಲಿಸಿತು. ಈಗ ನೀವು ಗಮನ ಇಡಬೇಕಾದ್ದು ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಮೇಲೆ, ಆಮೇಲೆ ಡಾಡ್ಜ್ ಚಾರ್ಜರ್, ಡಾಡ್ಜ್ ಡುರಾಂಗೊ, ಶೆವರ್ಲೆ ಟಾಹೋ. ಕಷ್ಟ ಏನಂದರೆ ಎಕ್ಸ್‌ಪ್ಲೋರರ್ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ನಾಲ್ಕೈದು ಇವೆ, ಎಲ್ಲಾ ಮಕ್ಕಳನ್ನು ಸಾಕರ್‌ಗೆ ಕರೆದುಕೊಂಡು ಹೋಗುವ ಗಾಡಿಗಳು. ಕಾರಿನ ಜಾತಿ ನೋಡಿದರೆ ಸಾಲದು, ಅದರಲ್ಲಿ ಏನಿಲ್ಲ, ಏನು ಜಾಸ್ತಿ ಇದೆ ಅಂತ ನೋಡಬೇಕು.

ಮನೆ ಬಳಕೆಯ ಎಕ್ಸ್‌ಪ್ಲೋರರ್‌ನ ಚಾವಣಿ ಮೇಲೆ ಸಾಮಾನು ಕಟ್ಟೋಕೆ ಎರಡು ಉದ್ದನೆಯ ಕಂಬಿ ಇರುತ್ತವೆ. ಪೊಲೀಸ್ ಎಕ್ಸ್‌ಪ್ಲೋರರ್‌ನಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ, ಚಾವಣಿ ನುಣ್ಣಗಿರುತ್ತದೆ, ಬದಲಿಗೆ ಒಂದೆರಡು ಗಿಡ್ಡ ಆಂಟೆನಾ. ಚಕ್ರ ನೋಡಿ. ಹೊಳೆಯುವ ಅಲಾಯ್ ಅಲ್ಲ, ಕಪ್ಪು ಉಕ್ಕಿನ ಚಕ್ರ, ನಡುವೆ ಸಣ್ಣ ಮುಚ್ಚಳ. ಡ್ರೈವರ್ ಕಡೆ ಮುಂಗಾಜಿನ ಪಕ್ಕ ಕನ್ನಡಿಗಿಂತ ಸ್ವಲ್ಪ ಮೇಲೆ ಒಂದು ಸ್ಪಾಟ್‌ಲೈಟ್ ಇದ್ದರೆ ಹೆಚ್ಚುಕಡಿಮೆ ಖಾತ್ರಿ. ಮುಂದೆ ದಪ್ಪ ಕಪ್ಪು ಕಬ್ಬಿಣದ ಬಂಪರ್ ಇದ್ದರಂತೂ ಕೇಳುವುದೇ ಬೇಡ. ದೀಪಗಳನ್ನು ಅಡಗಿಸಿಟ್ಟಿರುತ್ತಾರೆ: ಗ್ರಿಲ್ ಒಳಗೆ, ಮುಂಗಾಜಿನ ಮೇಲಂಚಿನಲ್ಲಿ ಕನ್ನಡಿಯ ಹಿಂದೆ, ಹಿಂದಿನ ಗಾಜಿನ ಒಳಗೆ. ಬೆಳಗಿನ ಬಿಸಿಲು ಎದುರಿನಿಂದ ಬಿದ್ದಾಗ ಗ್ರಿಲ್ ಒಳಗಿನ ಚೌಕಾಕಾರದ ದೀಪಗಳು ಹೊಳೆದು ಕಾಣುತ್ತವೆ. ಇನ್ನೊಂದು, ನ್ಯೂಜೆರ್ಸಿಯಲ್ಲಿ ಮಾಮೂಲಿ ಜನ ವೈದ್ಯಕೀಯ ಅನುಮತಿ ಇಲ್ಲದೆ ಮುಂದಿನ ಪಕ್ಕದ ಕಿಟಕಿಗೆ ಕಪ್ಪು ಫಿಲ್ಮ್ ಹಾಕಿಸುವಂತಿಲ್ಲ. ಹಾಗಾಗಿ ನಾಲ್ಕೂ ಕಡೆ ಕಪ್ಪು ಗಾಜಿರುವ, ಹೊಸದಾಗಿ ತೊಳೆದಿಟ್ಟಂಥ ಚಾರ್ಜರ್ ಕಂಡರೆ ಎರಡನೇ ಸಲ ನೋಡಿ. ಫಿಲ್ಮ್ ಹಾಕಿಸಿಕೊಂಡ ಹುಡುಗರೂ ಬೇಕಾದಷ್ಟಿದ್ದಾರೆ, ಇದೊಂದನ್ನೇ ನಂಬಬೇಡಿ.

ಅರ್ಧ ಮಫ್ತಿ ಅನ್ನಬಹುದಾದ ಕಾರುಗಳೂ ಇವೆ. ಕಪ್ಪು ಕಾರಿನ ಮೇಲೆ ಕಡು ಬೂದು ಬಣ್ಣದಲ್ಲಿ ‘ಪೊಲೀಸ್’ ಅಂತ ಬರೆದಿರುತ್ತಾರೆ. ದೂರಕ್ಕೆ ಏನೂ ಕಾಣುವುದಿಲ್ಲ, ನಿಮ್ಮ ಹೆಡ್‌ಲೈಟ್ ಬಿದ್ದ ತಕ್ಷಣ ಅಕ್ಷರ ಫಳ್ ಅನ್ನುತ್ತದೆ. ಇದಕ್ಕೆ ಘೋಸ್ಟ್ ಗ್ರಾಫಿಕ್ಸ್ ಅನ್ನುತ್ತಾರೆ. ನಾನು ಮೊದಲ ಸಲ ನೋಡಿದಾಗ ನಿಜವಾಗಲೂ ಎದೆ ಧಸಕ್ ಅಂದಿತ್ತು.

ನಂಬರ್ ಪ್ಲೇಟ್ ಒಳ್ಳೆಯ ಸುಳಿವು. ಇಲ್ಲಿ ಸರ್ಕಾರಿ ಗಾಡಿಗಳ ಪ್ಲೇಟಿನಲ್ಲಿ ಎಸ್‌ಜಿ, ಸಿಜಿ, ಎಂಜಿ ಅಂತ ಇಂಗ್ಲಿಷ್ ಅಕ್ಷರ ಇರುತ್ತವೆ: ರಾಜ್ಯದ್ದು, ಕೌಂಟಿಯದ್ದು (ನಮ್ಮ ಜಿಲ್ಲೆ ಇದ್ದ ಹಾಗೆ), ಊರಿನ ಮುನಿಸಿಪಾಲಿಟಿಯದ್ದು. ಪೆನ್ಸಿಲ್ವೇನಿಯಾದಲ್ಲಿ ಹಿಂದೆ ಮಾತ್ರ ಪ್ಲೇಟ್ ಸಾಕು, ನ್ಯೂಜೆರ್ಸಿಯಲ್ಲಿ ಮುಂದೆಯೂ ಬೇಕು, ಆದ್ದರಿಂದ ಹಿಂದೆ ಬರುವ ಕಾರಿನ ಪ್ಲೇಟು ನಿಮ್ಮ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುತ್ತದೆ. ಎಂಜಿ ಇದ್ದ ಮಾತ್ರಕ್ಕೆ ಪೊಲೀಸ್ ಅಲ್ಲ, ಕಸದ ವಿಭಾಗದ ಇನ್ಸ್‌ಪೆಕ್ಟರ್ ಕೂಡ ಇರಬಹುದು. ಪತ್ತೇದಾರಿ ಕೆಲಸದವರಿಗೆ ಮಾಮೂಲಿ ಪ್ಲೇಟೇ ಇರಬಹುದು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಸುತ್ತಲಿನ ಗಾಡಿಗಳ ನಡವಳಿಕೆ. ಎಪ್ಪತ್ತೈದು ಮೈಲಿ ವೇಗದಲ್ಲಿ ಹೋಗುತ್ತಿದ್ದ ಗುಂಪು ಸುಮ್ನೆ ಅರವತ್ತೈದಕ್ಕೆ ಇಳಿದಿದೆ, ಮುಂದೆ ರಸ್ತೆ ಖಾಲಿ ಇದೆ, ಆದರೂ ಒಂದು ಕಾರನ್ನು ಯಾರೂ ಓವರ್‌ಟೇಕ್ ಮಾಡುತ್ತಿಲ್ಲ ಅಂದರೆ ಮುಂದಿರುವವರಿಗೆ ಏನೋ ಕಂಡಿದೆ ಅಂತಲೇ ಅರ್ಥ.

ಇನ್ನು ದೀಪದ ಬಣ್ಣ, ಇದನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ನ್ಯೂಜೆರ್ಸಿಯಲ್ಲಿ ಸ್ವಯಂಸೇವಕ ಅಗ್ನಿಶಾಮಕರು, ಆಂಬುಲೆನ್ಸ್ ಸ್ವಯಂಸೇವಕರು ತಮ್ಮ ಸ್ವಂತ ಕಾರಿನಲ್ಲಿ ನೀಲಿ ದೀಪ ಹಾಕಿಕೊಂಡು ಓಡುತ್ತಾರೆ. ಹಳೆ ಟೊಯೊಟಾ ಒಂದು ಬರೀ ನೀಲಿ ದೀಪ ಮಿನುಗಿಸುತ್ತಾ ಹಿಂದೆ ಬಂದರೆ ಅದು ಪೊಲೀಸ್ ಅಲ್ಲ, ಯಾರದ್ದೋ ಮನೆಗೆ ಬೆಂಕಿ ಬಿದ್ದಿರಬಹುದು, ಯಾರಿಗೋ ಎದೆನೋವು ಬಂದಿರಬಹುದು. ದಯವಿಟ್ಟು ದಾರಿ ಬಿಡಿ. ಅವರು ಸಂಬಳವಿಲ್ಲದೆ ಊಟ ಬಿಟ್ಟು ಓಡುತ್ತಿರುವವರು. ಹಳದಿ ದೀಪ ಟೋಯಿಂಗ್ ಗಾಡಿ, ರಸ್ತೆ ಕೆಲಸದವರದ್ದು. ಕೆಂಪು ನೀಲಿ ಎರಡೂ ಸೇರಿ ಬಂದರೆ ಪೊಲೀಸ್ ಅಂತ ತಿಳಿದುಕೊಳ್ಳಿ.

ಗೆಳೆಯರ ಗುಂಪಿನಲ್ಲಿ ಒಂದು ಮಾತು ಓಡಾಡುತ್ತದೆ: ಮಫ್ತಿ ಕಾರಿನವರು ಹಿಡಿದರೆ ಕೋರ್ಟಿನಲ್ಲಿ ಕೇಸು ನಿಲ್ಲುವುದಿಲ್ಲ ಅಂತ. ಇದನ್ನು ನಂಬಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಸಂಚಾರ ನಿಯಮ ನೋಡುವುದೇ ಮುಖ್ಯ ಕೆಲಸವಾಗಿರುವ ಅಧಿಕಾರಿಗೆ ಪೂರ್ತಿ ಸಮವಸ್ತ್ರ, ಗುರುತು ಸಿಗುವ ಬಣ್ಣದ ಕಾರು ಇರಬೇಕು ಅಂತ ಕಾನೂನಿದೆ, ಬಹುಶಃ ಅಲ್ಲಿಂದ ಈ ಮಾತು ಹುಟ್ಟಿರಬೇಕು. ಬೇರೆ ರಾಜ್ಯಕ್ಕೆ ಅದು ಅನ್ವಯಿಸುವುದಿಲ್ಲ. 1996ರಲ್ಲಿ ರೆನ್ ಪ್ರಕರಣ ಅಂತ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವಾಷಿಂಗ್ಟನ್‌ನಲ್ಲಿ ಮಫ್ತಿಯಲ್ಲಿದ್ದ ಪೊಲೀಸರು, ಗುರುತಿಲ್ಲದ ಕಾರು, ಸ್ಟಾಪ್ ಫಲಕದ ಮುಂದೆ ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿ ನಿಂತು ಆಮೇಲೆ ಇಂಡಿಕೇಟರ್ ಹಾಕದೆ ತಿರುಗಿದ ಗಾಡಿಯನ್ನು ಅವರು ನಿಲ್ಲಿಸಿದ್ದರು. ನಿಯಮ ಮುರಿದದ್ದು ಕಣ್ಣಿಗೆ ಕಂಡಿದ್ದರೆ ಪೊಲೀಸರ ಮನಸ್ಸಿನಲ್ಲಿ ಬೇರೇನೇ ಉದ್ದೇಶ ಇದ್ದರೂ ನಿಲ್ಲಿಸಿದ್ದು ಸರಿ ಅಂತ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೇಳಿದರು. ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ, ಮೈಬಣ್ಣ ನೋಡಿ ನಿಲ್ಲಿಸುವವರಿಗೆ ಅದು ಬಾಗಿಲು ತೆರೆದಿಟ್ಟ ಹಾಗೆ ಅನ್ನಿಸುತ್ತದೆ. ಆದರೆ ಕಾನೂನು ಇರುವುದು ಹಾಗೆ.

ರಜೆಯಲ್ಲಿ ಎಲ್ಲರೂ ವಾಷಿಂಗ್ಟನ್, ಶೆನಾಂಡೋವಾ ಅಂತ ಹೊರಡುತ್ತೀರಲ್ಲ, ಅದಕ್ಕೆ ವರ್ಜೀನಿಯಾ ಬಗ್ಗೆ ಒಂದು ಮಾತು. ಪೊಲೀಸರ ವೇಗ ಅಳೆಯುವ ರೇಡಾರ್ ಹತ್ತಿರ ಇದ್ದರೆ ಎಚ್ಚರಿಸುವ ರೇಡಾರ್ ಡಿಟೆಕ್ಟರ್ ಅನ್ನು ನ್ಯೂಜೆರ್ಸಿಯ ಖಾಸಗಿ ಕಾರಿನಲ್ಲಿ ಇಟ್ಟುಕೊಳ್ಳಬಹುದು, ವರ್ಜೀನಿಯಾದಲ್ಲಿ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದು, ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಅಥವಾ ಮಿತಿ ಎಷ್ಟೇ ಇರಲಿ 85 ದಾಟಿದರೆ ಅದು ಬರೀ ಟಿಕೆಟ್ ಅಲ್ಲ, ರೆಕ್‌ಲೆಸ್ ಡ್ರೈವಿಂಗ್ ಅನ್ನುವ ಅಪರಾಧ. 2020ಕ್ಕೆ ಮುಂಚೆ ಅದು 80 ಇತ್ತು. 12 ತಿಂಗಳವರೆಗೆ ಜೈಲು, 2500 ಡಾಲರ್‌ವರೆಗೆ ದಂಡ ಅಂತ ಕಾನೂನಿನಲ್ಲಿದೆ. ವೀಸಾ ಮೇಲೆ ಇರುವ ನಮಗೆ ಅದರ ತೂಕವೇ ಬೇರೆ, ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಇಂಥದ್ದನ್ನೆಲ್ಲ ಕೇಳುತ್ತಾರೆ. ಅಲ್ಲಿ ಮಫ್ತಿ ಕಾರು ಹುಡುಕುತ್ತಾ ಕೂರಬೇಡಿ, ಮಿತಿ ಎಷ್ಟಿದೆಯೋ ಅಷ್ಟಕ್ಕೇ ಕ್ರೂಸ್ ಕಂಟ್ರೋಲ್ ಹಾಕಿಬಿಡಿ.

ಈಗ ಮೊದಲೇ ಹೇಳಿದ ಆ ಮುಖ್ಯ ವಿಷಯ. ಹಿಂದೆ ದೀಪ ಹತ್ತಿದಾಗ ಅದು ನಿಜವಾದ ಪೊಲೀಸೋ ಅಲ್ಲವೋ ಗೊತ್ತಾಗದಿದ್ದರೆ ಏನು ಮಾಡಬೇಕು?

ನನ್ನ ಹೆಂಡತಿಗೆ ಹೀಗಾಯಿತು. ರಾತ್ರಿ ಹನ್ನೊಂದೂವರೆ, ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ಒಬ್ಬಳೇ ಬರುತ್ತಿದ್ದಳು. ಅಕ್ಕಪಕ್ಕ ಮರ ಬಿಟ್ಟರೆ ಏನೂ ಇಲ್ಲದ ರಸ್ತೆ. ಹಿಂದಿನ ಕಪ್ಪು ಕಾರಿನ ಗಾಜಿನೊಳಗೆ ದೀಪ ಮಿನುಗಿತು, ಹೊರಗೆ ಬರಹ ಇಲ್ಲ, ಏನಿಲ್ಲ. ಅವಳು ಗಾಬರಿಯಾದರೂ ತಲೆ ಓಡಿಸಿದಳು. ನಾಲ್ಕೂ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಬಲಗಡೆ ಲೇನಿಗೆ ಬಂದು, ಕಾರಿನ ಬ್ಲೂಟೂತ್‌ನಲ್ಲೇ 911ಕ್ಕೆ ಫೋನ್ ಮಾಡಿದಳು. ಯಾವ ರಸ್ತೆ, ಯಾವ ದಿಕ್ಕು, ತನ್ನ ಕಾರು ಯಾವುದು ಅಂತ ಹೇಳಿ, ನಿಜವಾದ ಪೊಲೀಸರಾ ಅಂತ ಕೇಳಿದಳು. ಆ ಕಡೆಯವರು ವಿಚಾರಿಸಿ, ಹೌದು, ನಮ್ಮವರೇ, ಮುಂದಿನ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ನಿಲ್ಲಿಸಿ, ಅವರಿಗೂ ತಿಳಿಸುತ್ತೇವೆ ಅಂದರು. ಅವಳ ಕಾರಿನ ಹಿಂದಿನ ಒಂದು ದೀಪ ಕೆಟ್ಟಿತ್ತು, ಅಷ್ಟೇ. ಆ ಅಧಿಕಾರಿ ಬೈಯಲಿಲ್ಲ, ಒಳ್ಳೇ ಕೆಲಸ ಮಾಡಿದಿರಿ ಅಂದು ಎಚ್ಚರಿಕೆ ಕೊಟ್ಟು ಕಳಿಸಿದರು. ಎಲ್ಲರೂ ಅಷ್ಟು ಸಮಾಧಾನದವರಿರುತ್ತಾರೆ ಅಂತ ಹೇಳಲಾರೆ, ಆದರೆ ಹೀಗೇ ಮಾಡಿ. ವೇಗ ಮಾತ್ರ ಹೆಚ್ಚಿಸಬೇಡಿ, ಓಡಿಹೋಗುತ್ತಿದ್ದೀರಿ ಅಂತ ಅವರು ತಿಳಿದುಕೊಂಡರೆ ಪರಿಸ್ಥಿತಿ ಪೂರ್ತಿ ಬದಲಾಗುತ್ತದೆ.

ಇನ್ನೊಂದು ಘಟನೆ ನನ್ನದು, ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. 2016ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ಬ್ರಿಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಒಳರಸ್ತೆಯಲ್ಲಿ ವಾಪಸ್ ಬರುತ್ತಿದ್ದೆವು. ಒಂದು ಸಣ್ಣ ಊರು ಬಂತು, ಮಿತಿ 45ರಿಂದ 25ಕ್ಕೆ ಇಳಿದದ್ದನ್ನು ನಾನು ನೋಡಲಿಲ್ಲ. ಕಡು ನೀಲಿ ಎಕ್ಸ್‌ಪ್ಲೋರರ್, ಮಫ್ತಿ. ನಿಲ್ಲಿಸಿದೆ. ನಾನು ಕಿಟಕಿ ಇಳಿಸುತ್ತಿದ್ದಂತೆ ಹಿಂದಿನ ಬಾಗಿಲು ತೆರೆದ ಸದ್ದು ಕೇಳಿತು. ಅಪ್ಪ ಇಳಿದುಬಿಟ್ಟಿದ್ದರು. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು, ನಮ್ಮ ಕಡೆ ಪೊಲೀಸರು ಗಾಡಿ ನಿಲ್ಲಿಸಿದರೆ ದೊಡ್ಡವರು ಇಳಿದು ಹೋಗಿ ನಮಸ್ಕಾರ ಹಾಕಿ ಮಾತಾಡುವುದು ಮರ್ಯಾದೆ ಅಲ್ವಾ? ಅಪ್ಪ ಅದನ್ನೇ ಮಾಡಿದರು. ಇಲ್ಲಿ ಅದನ್ನು ನೋಡುವ ಕಣ್ಣೇ ಬೇರೆ. ಆ ಅಧಿಕಾರಿಯ ಕೈ ಸೊಂಟಕ್ಕೆ ಹೋಯಿತು, “ಗೆಟ್ ಬ್ಯಾಕ್ ಇನ್ ದ ಕಾರ್” ಅಂತ ಕೂಗಿದರು. ಅಪ್ಪನಿಗೆ ಆ ಇಂಗ್ಲಿಷ್ ಅರ್ಥವಾಗಲಿಲ್ಲ, ಇನ್ನೊಂದು ಹೆಜ್ಜೆ ಮುಂದಿಟ್ಟರು. ನಾನು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡೇ “ಅಪ್ಪಾ, ಒಳಗೆ ಕೂತ್ಕೊಳ್ಳಿ, ಕೂತ್ಕೊಳ್ಳಿ” ಅಂತ ಕಿರುಚಿದೆ. ಕೂತರು. ಆಮೇಲೆ ಎಲ್ಲಾ ಸರಿಯಾಯಿತು. ಮಿತಿಗಿಂತ 16 ಮೈಲಿ ಜಾಸ್ತಿ, ಲೈಸೆನ್ಸ್ ದಾಖಲೆಗೆ 4 ಪಾಯಿಂಟ್ ಸೇರಿಸುವ ಟಿಕೆಟ್, ತಪ್ಪು ನನ್ನದೇ. ಕೋರ್ಟಿನಲ್ಲಿ ಪ್ರಾಸಿಕ್ಯೂಟರ್ ಹತ್ತಿರ ಮಾತಾಡಿ ಪಾಯಿಂಟ್ ಇಲ್ಲದ ‘ಅನ್‌ಸೇಫ್ ಡ್ರೈವಿಂಗ್’ಗೆ ಇಳಿಸಿಕೊಂಡೆ, ಅದಕ್ಕೆ ದಂಡದ ಜೊತೆ 250 ಡಾಲರ್ ಹೆಚ್ಚುವರಿ ಕಟ್ಟಬೇಕು. ಮನೆಗೆ ಬರುವ ತನಕ ಅಪ್ಪ ಮಾತಾಡಲಿಲ್ಲ. ಚಪ್ಪಲಿ ಬಿಡುವಾಗ ಒಂದೇ ಮಾತು, “ನಾನು ಮರ್ಯಾದೆ ಕೊಡೋಕೆ ಇಳಿದೆ ಕಣೋ.”

ಆದ್ದರಿಂದ ನಿಮ್ಮ ಕಾರಿನಲ್ಲಿ ಕೂರುವ ಎಲ್ಲರಿಗೂ, ಮುಖ್ಯವಾಗಿ ಊರಿಂದ ಬರುವ ಹಿರಿಯರಿಗೆ, ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಹೇಳಿಬಿಡಿ. ಪೊಲೀಸರೇ ಹೇಳುವ ತನಕ ಯಾರೂ ಇಳಿಯಬಾರದು, ಇಳಿಯಿರಿ ಅಂದರೆ ಮಾತ್ರ ಇಳಿಯಬೇಕು. ಬಲಗಡೆ ಅಂಚಿಗೆ ನಿಲ್ಲಿಸಿ, ಕಿಟಕಿ ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಕೈ ಸ್ಟೀರಿಂಗ್ ಮೇಲಿರಲಿ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕಾರ್ಡ್ ಮೂರೂ ಕೇಳುತ್ತಾರೆ. ಕೇಳಿದ ಮೇಲೆ, ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದೆ, ತೆಗೆಯುತ್ತೇನೆ ಅಂತ ಬಾಯಿಬಿಟ್ಟು ಹೇಳಿ ತೆಗೆಯಿರಿ. ಹೆದ್ದಾರಿಯಲ್ಲಿ ಅವರು ಎಷ್ಟೋ ಸಲ ಬಲಗಡೆ ಕಿಟಕಿಗೇ ಬರುತ್ತಾರೆ, ಬೆಚ್ಚಬೇಡಿ.

2019ರಲ್ಲಿ ಅಪ್ಪ ಮತ್ತೆ ಬಂದಿದ್ದರು. ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿಯಲ್ಲಿ ಹಿಂದೆ ಕೆಂಪು-ನೀಲಿ ದೀಪ ಹತ್ತಿತು, ನಾನು ಪಕ್ಕಕ್ಕೆ ಸರಿದೆ, ಅದು ನಮ್ಮನ್ನು ದಾಟಿ ಮುಂದೆ ಯಾರನ್ನೋ ಹಿಡಿಯೋಕೆ ಹೋಯಿತು. ಕನ್ನಡಿಯಲ್ಲಿ ನೋಡಿದೆ. ಅಪ್ಪ ಎರಡೂ ಕೈಯನ್ನು ಮುಂದಿನ ಸೀಟಿನ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಕೂತಿದ್ದರು, ಅಮ್ಮನಿಗೂ ಇಡು ಇಡು ಅಂತ ಹೇಳುತ್ತಿದ್ದರು.