ಕೀನ್ಯಾದ ತರಕಾರಿ ರಫ್ತು ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಕೆಲಸ ಸಿಕ್ಕಿದೆ. ಅಲ್ಲಿನ ಸಣ್ಣ ರೈತರಿಗೆ ಕ್ವಾಲಿಟಿ ಬಗ್ಗೆ ಅರಿವು ಮೂಡಿಸೋಕೆ ಗ್ಲೋಬಲ್‌ಗ್ಯಾಪ್ ಕಲೀಲಾ, ಫೇರ್‌ಟ್ರೇಡ್ ಕಲೀಲಾ?

ಎರಡನ್ನೂ ಆಮೇಲೆ ಕಲೀರಿ. (ಗ್ಲೋಬಲ್‌ಗ್ಯಾಪ್ ಅಂದ್ರೆ ಹೊಲದಲ್ಲಿ ಔಷಧಿ, ಶುಚಿ ಎಲ್ಲಾ ಸರಿಯಾಗಿದೆ ಅನ್ನೋ ಸರ್ಟಿಫಿಕೇಟು, ಫೇರ್‌ಟ್ರೇಡ್ ಅಂದ್ರೆ ಬೆಳೆಯೋರಿಗೆ, ಕೆಲಸಗಾರರಿಗೆ ನ್ಯಾಯವಾಗಿ ಸಿಗ್ಲಿ ಅನ್ನೋ ಸರ್ಟಿಫಿಕೇಟು.) ಮೊದಲು ಆ ‘ಅರಿವು ಮೂಡಿಸೋದು’ ಅನ್ನೋದನ್ನ ತಲೆಯಿಂದ ತೆಗೀರಿ, ಯಾಕಂದ್ರೆ ನಾನೂ ಅದೇ ತಲೇಲಿ ಇಟ್ಕೊಂಡು ಹೋದವನು. ಬೆಂಗಳೂರಿನ ಕೃಷಿ ವಿವಿ, ಅದೇ ಜಿಕೆವಿಕೆಲಿ ಡಿಗ್ರಿ, ಹೊಸೂರು ಕಡೆ ಗುಲಾಬಿ ಪಾಲಿಹೌಸಲ್ಲಿ ಕೆಲಸ, ಅಲ್ಲಿಂದ ನೈರೋಬಿಯ ಒಂದು ರಫ್ತು ಕಂಪನಿ (ಹೆಸರು ಬೇಡ). ನನಗೆ ಕೊಟ್ಟ ಏರಿಯಾ ಕಿರಿನ್ಯಾಗದ ಮ್ವೇಯಾ. ಮೌಂಟ್ ಕೀನ್ಯಾದ ತಪ್ಪಲು, ಥಿಬಾ, ನ್ಯಾಮಿಂದಿ ನದಿಗಳ ನೀರು ಕಾಲುವೇಲಿ ಬರುತ್ತೆ, ಕಣ್ಣು ಹಾಯಿಸಿದಷ್ಟೂ ಭತ್ತ, ಗದ್ದೆ ಬಿಟ್ಟು ಉಳಿದ ಜಾಗದಲ್ಲಿ ಬೀನ್ಸ್. ಮಂಡ್ಯದವರನ್ನ ಕರ್ಕೊಂಡು ಹೋಗಿ ಅಲ್ಲಿ ಬಿಟ್ರೆ ಊರಲ್ಲೇ ಇದೀವಿ ಅನ್ಕೋಬೇಕು, ಹಂಗಿದೆ.

ಅಲ್ಲಿ ‘ಮಿಶಿರಿ’ ಅಂತಾರೆ, ನಮ್ಮ ಹುರುಳಿಕಾಯಿನೇ, ಆದ್ರೆ ಎಳೇದಾಗಿ ಕೀಳ್ಬೇಕು. 6 ಮಿಲಿಮೀಟರ್ ಒಳಗಿದ್ರೆ ಎಕ್ಸ್‌ಟ್ರಾ ಫೈನ್, 9ರ ಒಳಗೆ ಫೈನ್, ಅದು ದಾಟಿದ್ರೆ ರಫ್ತಿಗೆ ಬೇಡ. ಬಿತ್ತಿ ಒಂದೂವರೆ ತಿಂಗಳಿಗೆ ಕೀಳೋಕೆ ಶುರು, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಕೀಳ್ತಾನೇ ಇರ್ಬೇಕು, ಒಂದು ಸಲ ತಪ್ಪಿದ್ರೆ ಕಾಯಿ ದಪ್ಪ ಆಗಿ ದುಡ್ಡು ಹೋಯ್ತು. ಅಂಥಾ ಬೆಳೆಯನ್ನ ಅರ್ಧ ಎಕರೇಲಿ ವರ್ಷಾನುಗಟ್ಲೆ ಬೆಳೆದ ಹೆಂಗಸು ಕೈಯಲ್ಲಿ ಮುಟ್ಟಿದ್ರೆ ಸಾಕು ಯಾವ ಗ್ರೇಡು ಅಂತ ಹೇಳ್ತಾಳೆ. ಅವಳಿಗೆ ನೀವು ಕ್ವಾಲಿಟಿ ಹೇಳ್ಕೊಡೋಕೆ ಹೋಗ್ತಿದ್ದೀರ.

ನಾನು ಮಾಡಿದ ತಪ್ಪನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊರಗಿಂದ ನೋಡಿದ್ರೆ ಅದು ತಪ್ಪು ಅಂತ ಅನ್ಸೋದೇ ಇಲ್ಲ, ನಿಮಗೂ ನಾಳೆ ಅದೇ ಐಡಿಯಾ ಬರುತ್ತೆ.

ನಾನು ಹೋದಾಗ ಗ್ರೇಡಿಂಗ್ ಹಳ್ಳಿಯ ಕಲೆಕ್ಷನ್ ಶೆಡ್ಡಲ್ಲೇ ಆಗ್ತಿತ್ತು. ಸಣ್ಣ ರೈತರು ಸೇರಿ ಮಾಡ್ಕೊಂಡ ಗ್ರೂಪಿನವರೇ ಸಾಲ ಮಾಡಿ ಕಟ್ಟಿದ ಶೆಡ್ಡು, ಪಕ್ಕದಲ್ಲಿ ಇದ್ದಿಲಿನ ಕೂಲರ್, ಅಂದ್ರೆ ಎರಡು ಜಾಲರಿ ಮಧ್ಯೆ ಇದ್ದಿಲು ತುಂಬಿ ಅದರ ಮೇಲೆ ನೀರು ತೊಟ್ಟಿಕ್ಕೋ ಥರ ಮಾಡಿದ ಕೋಣೆ, ಒಳಗೆ ಹೋದ್ರೆ ತಣ್ಣಗಿರುತ್ತೆ. ರೈತರು ಕಾಯಿ ತಂದು ಉದ್ದದ ಟೇಬಲ್ ಮೇಲೆ ಸುರಿದು ಆರಿಸ್ತಾರೆ, ನಮ್ಮ ಕಂಪನಿ ಕ್ಲರ್ಕ್ ನೋಡಿ ಒಪ್ಕೊಂಡಿದ್ದನ್ನ ಅಲ್ಲೇ ತೂಕ ಹಾಕಿ ಚೀಟಿ ಬರೀತಾನೆ, ಬೇಡ ಅಂದಿದ್ದನ್ನ ಅವರು ಚೀಲಕ್ಕೆ ಹಾಕ್ಕೊಂಡು ವಾಪಸ್ ತಗೊಂಡು ಹೋಗ್ತಾರೆ. ಮನೆ ಸಾರಿಗೆ ಆಯ್ತು, ಕುಟುಸ್ ಸಂತೇಲಿ ಮಾರೋಕೆ ಆಯ್ತು, ಉಳಿದಿದ್ದು ದನಕ್ಕೆ. ಜಗಳ ಆಗ್ತಿತ್ತು, ಟೈಮ್ ಹಿಡೀತಿತ್ತು, ಮಧ್ಯಾಹ್ನದ ಬಿಸಿಲಲ್ಲಿ ಕಾಯಿ ಬಾಡ್ತಿತ್ತು. ನನ್ನ ಕಣ್ಣಿಗೆ ಕಂಡಿದ್ದು ಆ ಬಾಡೋದು ಒಂದೇ.

ಕಿತ್ತ ಕಾಯಿಯೊಳಗೆ ಹೊಲದ ಶಾಖ ಇರುತ್ತೆ, ಎಷ್ಟು ಬೇಗ ಇಳಿಸ್ತೀವೋ ಅಷ್ಟು ದಿನ ಅಂಗಡೀಲಿ ತಾಳುತ್ತೆ, ಇದು ಪುಸ್ತಕದ ಮಾತು ಮತ್ತು ನಿಜವಾದ ಮಾತು. ನಾನು ರಿಪೋರ್ಟ್ ಬರೆದೆ: ಶೆಡ್ಡಲ್ಲಿ ಆರಿಸೋದು ಬೇಡ, ಕ್ರೇಟಲ್ಲಿ ಒಟ್ಟು ತೂಕ ಮಾತ್ರ ಹಾಕಿ ನೇರ ನೈರೋಬಿಯ ಪ್ಯಾಕ್‌ಹೌಸಿಗೆ ಕಳ್ಸೋಣ, ಅಲ್ಲಿ ತಣ್ಣನೆ ಕೋಣೇಲಿ ಗ್ರೇಡ್ ಮಾಡೋಣ, ಒಪ್ಕೊಂಡ ತೂಕ ರೈತರ ಮೊಬೈಲಿಗೆ ಮೆಸೇಜ್ ಹೋಗುತ್ತೆ, ದುಡ್ಡು ಎಂ-ಪೆಸಾಗೆ, ಅಂದ್ರೆ ಅಲ್ಲಿ ಮೊಬೈಲಲ್ಲೇ ದುಡ್ಡು ಕಳ್ಸೋ ವ್ಯವಸ್ಥೆಗೆ. ಮ್ಯಾನೇಜರಿಗೆ ಬಹಳ ಹಿಡಿಸ್ತು. ಕಾಯಿ ಫ್ರೆಶ್ ಆಗಿ ಹೋಗೋಕೆ ಶುರುವಾಯ್ತು, ಅದೂ ನಿಜ. ರೈತರೂ ಮೊದಲು ಖುಷಿಯಾಗೇ ಇದ್ರು, ಮಧ್ಯಾಹ್ನ ಕೂತು ಆರಿಸೋ ಕೆಲಸ ತಪ್ತಲ್ಲ ಅಂತ.

ನಾನು ಯೋಚನೆ ಮಾಡದೇ ಇದ್ದಿದ್ದು ಒಂದೇ, ತೂಕ ಆದ್ಮೇಲೆ ಆ ಕಾಯಿ ಯಾರದ್ದು ಅಂತ. ಮೊದಲು ಶೆಡ್ಡಲ್ಲಿ ಚೀಟಿ ಬರೆದ ಕ್ಷಣದಿಂದ ಅದು ಕಂಪನಿದು, ಆಮೇಲೆ ಲಾರಿ ಕೆಟ್ರೂ ವಿಮಾನ ತಪ್ಪಿದ್ರೂ ಲಂಡನ್ನಲ್ಲಿ ಆರ್ಡರ್ ಬಿದ್ದೋದ್ರೂ ನಷ್ಟ ಕಂಪನಿಗೆ. ನಾನು ಬದಲಾಯಿಸಿದ ಮೇಲೆ ಕಾಯಿ ನೈರೋಬಿಯ ಗ್ರೇಡಿಂಗ್ ಬೆಲ್ಟ್ ದಾಟೋವರೆಗೂ ರೈತಂದೇ, ಆದ್ರೆ ರೈತ ಅಲ್ಲಿಲ್ಲ. ಕಾಯಿ ಅವನದು, ಕಣ್ಣು ನಮ್ಮದು.

ಸ್ವಲ್ಪ ದಿನಕ್ಕೆ ಮೆಸೇಜಲ್ಲಿ ರಿಜೆಕ್ಟ್ ಜಾಸ್ತಿ ಬರೋಕೆ ಶುರುವಾಯ್ತು. ಕಳ್ಸಿದ್ದು 40 ಕೇಜಿ, ಒಪ್ಕೊಂಡಿದ್ದು 25. ಒಬ್ಬ ಹೆಂಗಸು ಬೆಳಿಗ್ಗೆ ಶೆಡ್ಡಿಗೆ ಬಂದು, ಅದೇ ಸಾಲಿನ ಗಿಡದಿಂದ ಕಿತ್ತ ಒಂದು ಬೊಗಸೆ ಕಾಯಿನ ನನ್ನ ತಕ್ಕಡಿ ಪಕ್ಕ ಒಂದೊಂದಾಗಿ ಜೋಡಿಸಿ ಇಟ್ಟು, ಇದರಲ್ಲಿ ರಿಜೆಕ್ಟ್ ಯಾವುದು ತೋರ್ಸು ಅಂದ್ಲು. ಎಲ್ಲಾ ನೋಡಿದೆ, ಗೇಜ್ ಇಟ್ಟೂ ನೋಡಿದೆ, ಒಂದೂ ಇರ್ಲಿಲ್ಲ. ಹಂಗಾದ್ರೆ ನನ್ನ 15 ಕೇಜಿ ಎಲ್ಲಿ, ಅದನ್ನಾದ್ರೂ ವಾಪಸ್ ಕೊಡು, ಕಿತ್ತೋರಿಗೆ ಕೇಜಿ ಲೆಕ್ಕದಲ್ಲಿ ನಿನ್ನೆ ಸಂಜೆನೇ ಕೂಲಿ ಕೊಟ್ಟಿದೀನಿ ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ನೈರೋಬಿಗೆ ಹೋಗಿ ಸಂಜೆ ಪ್ಯಾಕ್‌ಹೌಸಲ್ಲಿ ನಿಂತು ನೋಡಿದೆ. ಇಂಗ್ಲೆಂಡಿನ ಸೂಪರ್‌ಮಾರ್ಕೆಟ್ ಆರ್ಡರ್ ಪಕ್ಕಾ ಆಗೋದೇ ಅವತ್ತು ಮಧ್ಯಾಹ್ನದ ಮೇಲೆ, ವಿಮಾನ ಅವತ್ತು ರಾತ್ರಿ. ಆರ್ಡರ್ ಜಾಸ್ತಿ ಬಂದ್ರೆ ಬೆಲ್ಟ್ ಮುಂದೆ ನಿಂತ ಹೆಂಗಸರು ರಾತ್ರಿ ಎಷ್ಟೊತ್ತಾದ್ರೂ ಕಾಯಿಯ ತಲೆ ಬಾಲ ಕತ್ತರಿಸ್ತಾ ನಿಲ್ಬೇಕು, ಕಮ್ಮಿ ಬಂದ್ರೆ ಸೂಪರ್‌ವೈಸರ್ ಬಂದು ‘ಟೈಟ್ ಮಾಡಿ’ ಅಂತಾನೆ, ಅಷ್ಟೆ, ಒಂದೇ ಮಾತು. ನಿನ್ನೆ ಪಾಸಾಗ್ತಿದ್ದ ಕಾಯಿ ಇವತ್ತು ಫೇಲು. ಅಂದ್ರೆ ಇಂಗ್ಲೆಂಡಲ್ಲಿ ಯಾರೋ ಆರ್ಡರ್ ಇಳಿಸಿದ ನಷ್ಟ ಕ್ವಾಲಿಟಿ ಅನ್ನೋ ಹೆಸರಲ್ಲಿ ಮ್ವೇಯಾದ ಹೆಂಗಸಿನ ಮೊಬೈಲಿಗೆ ಮೆಸೇಜ್ ಆಗಿ ಹೋಗ್ತಿತ್ತು. ಆ ದಾರಿ ತೆರೆದು ಕೊಟ್ಟಿದ್ದು ನಾನು. ಮೊದಲು ಶೆಡ್ಡಲ್ಲಿ ಇದನ್ನ ಮಾಡೋಕೆ ಆಗ್ತಿರ್ಲಿಲ್ಲ, ಇಪ್ಪತ್ತು ಜನ ಸುತ್ತ ನಿಂತು ನೋಡ್ತಿರ್ತಾರೆ, ಕ್ಲರ್ಕ್ ‘ಟೈಟ್’ ಮಾಡಿದ್ರೆ ಅಲ್ಲೇ ಕೇಳ್ತಾರೆ. ನನಗೆ ಟೈಮ್ ವೇಸ್ಟ್ ಅನ್ಸಿದ್ದ ಆ ಜಗಳವೇ ರೈತರಿಗೆ ಇದ್ದ ಏಕೈಕ ರಕ್ಷಣೆ.

(ಬ್ರಿಟನ್ನಲ್ಲಿ ಸೂಪರ್‌ಮಾರ್ಕೆಟ್‌ಗಳು ಸಪ್ಲೈಯರ್ ಜೊತೆ ಹೆಂಗೆ ನಡ್ಕೋಬೇಕು ಅಂತ 2010ರಿಂದ ನಿಯಮ ಇದೆ, ನೋಡ್ಕೊಳ್ಳೋಕೆ 2013ರಿಂದ ಒಬ್ಬ ಅಧಿಕಾರಿನೂ ಇದ್ದಾರೆ. ಆದ್ರೆ ಅದು ಅಂಗಡಿಗೆ ನೇರವಾಗಿ ಮಾರೋರಿಗೆ ಮಾತ್ರ. ಅವರ ಹಿಂದಿನ ರಫ್ತುದಾರ, ಅವನ ಹಿಂದಿನ ರೈತ, ರೈತನ ಹಿಂದಿನ ಕೂಲಿ ಹೆಂಗಸು, ಅಲ್ಲೀವರೆಗೂ ಅದು ಇಳಿಯಲ್ಲ.)

ವಾಪಸ್ ಬಂದು ಹಳೇ ಪದ್ಧತಿ ಮಾಡೋಣ ಅಂತ ಹೇಳಿದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಷ್ಟೊತ್ತಿಗೆ ರೈತರು ನಮ್ಮನ್ನ ನಂಬೋದು ಬಿಟ್ಟಿದ್ರು. ಒಳ್ಳೇ ಕಾಯಿ ಬ್ರೋಕರಿಗೆ, ಅವನು ಹೊಲಕ್ಕೇ ಬಂದು ಕೈಗೆ ಕಾಸು ಕೊಡ್ತಾನೆ, ರೇಟು ಕಮ್ಮಿ ಆದ್ರೂ ರಿಜೆಕ್ಟ್ ಮೆಸೇಜ್ ಇಲ್ಲ. ಕಂಪನಿ ಕೋಟಾ ತುಂಬ್ಸೋಕೆ ಗ್ರೂಪಲ್ಲಿ ಇಲ್ಲದವರ ಕಾಯಿ ಗ್ರೂಪಿನ ಕೋಡ್ ನಂಬರಲ್ಲಿ ಕ್ರೇಟ್ ಸೇರ್ತು. ಯಾರ ಹೊಲಕ್ಕೆ ಏನು ಹೊಡೆದಿದ್ದಾರೆ ಅನ್ನೋ ನಮ್ಮ ರಿಜಿಸ್ಟರು ಅಲ್ಲಿಗೆ ಕಾಗದ ಮಾತ್ರ ಆಯ್ತು.

ಆಗಲೇ ಡೈಮಿಥೋಯೇಟ್ ಗಲಾಟೆ ಬಂದಿದ್ದು. ಹೇನು, ನುಸಿಗೆ ಹೊಡೆಯೋ ಅಗ್ಗದ ಔಷಧಿ, ಹಳ್ಳಿ ಅಂಗಡೀಲೂ ಸಿಗ್ತಿತ್ತು. ಕಾಯಲ್ಲಿ ಅದು ಉಳಿಯೋಕೆ ಆಗ ಯುರೋಪಿನ ಮಿತಿ ಕೇಜಿಗೆ 0.02 ಮಿಲಿಗ್ರಾಂ, ಅಂದ್ರೆ ಹೆಚ್ಚುಕಮ್ಮಿ ಇರ್ಲೇಬಾರದು ಅಂತ. ಕೀನ್ಯಾದ ಬೀನ್ಸು, ಬಟಾಣಿ ಪದೇ ಪದೇ ಸಿಕ್ಕಿಬಿದ್ದು, 2013ರ ಜನವರಿಯಿಂದ ಯುರೋಪಿಗೆ ಹೋಗೋ ಇವುಗಳಲ್ಲಿ ನೂರಕ್ಕೆ ಹತ್ತು ಲಾಟನ್ನ ನಿಲ್ಸಿ ಲ್ಯಾಬಲ್ಲಿ ಟೆಸ್ಟ್ ಮಾಡೋ ನಿಯಮ ಬಂತು. ನೂರಕ್ಕೆ ಹತ್ತು ತಾನೇ ಅನ್ಬೇಡಿ. ರಿಸಲ್ಟ್ ಬರೋವರೆಗೂ ಕಾಯಿ ಕಾಯಲ್ಲ, ಖರ್ಚು ರಫ್ತುದಾರನ ತಲೆ ಮೇಲೆ, ಅವನು ಕೀನ್ಯಾದಲ್ಲೇ ಮೊದಲೇ ಟೆಸ್ಟ್ ಮಾಡ್ಸೋಣ ಅಂತಾನೆ, ಆದ್ರೆ ಅರ್ಧ ಎಕರೆಯ ಒಂದು ಸ್ಯಾಂಪಲ್ಲಿಗೂ ಐವತ್ತು ಎಕರೆ ಫಾರ್ಮಿನ ಒಂದು ಸ್ಯಾಂಪಲ್ಲಿಗೂ ಲ್ಯಾಬ್ ಫೀಸು ಒಂದೇ. ಲೆಕ್ಕ ಹಾಕಿದ ಕಂಪನಿಗಳು ಸಣ್ಣವರನ್ನ ಬಿಟ್ಟು ದೊಡ್ಡ ಫಾರ್ಮಿಗೆ, ಸ್ವಂತ ಫಾರ್ಮಿಗೆ ಹೋದ್ವು. ನಮ್ಮ ಗ್ರೂಪಿನ ಕೋಡಲ್ಲಿ ಒಂದು ಸ್ಯಾಂಪಲ್ ಫೇಲ್ ಆಯ್ತು, ಯಾರ ಹೊಲದ ಕಾಯಿ ಅಂತ ಹೇಳೋಕೆ ನನ್ನಿಂದ ಆಗ್ಲಿಲ್ಲ, ಇಡೀ ಗ್ರೂಪಿನ ಖರೀದಿ ನಿಂತೋಯ್ತು. ಶೆಡ್ಡು, ಔಷಧಿ ಸ್ಟೋರು, ಟಾಯ್ಲೆಟ್ಟು, ಇವೆಲ್ಲಾ ಗ್ಲೋಬಲ್‌ಗ್ಯಾಪ್ ಸರ್ಟಿಫಿಕೇಟಿಗೋಸ್ಕರ ಕಟ್ಟಿದ್ದು, ಸಾಲ ಮಾತ್ರ ಉಳೀತು. ಗಿಡದಲ್ಲಿದ್ದ ಕಾಯಿ ದನಕ್ಕೆ. ದಿನಗೂಲಿಗೆ ಕೀಳೋಕೆ ಬರ್ತಿದ್ದ ಹೆಂಗಸರ ಹೆಸರು ಯಾವ ಪಟ್ಟೀಲೂ ಇರ್ಲಿಲ್ಲ, ಅವರಿಗೆ ಕೆಲಸ ಹೋಯ್ತು ಅಂತ ಬರ್ಕೊಂಡವರೂ ಯಾರಿಲ್ಲ.

ಗ್ರೂಪಿನ ಜವಾಬ್ದಾರಿ ನಂದು ಅಂತ ಕಂಪನಿ ನನ್ನನ್ನೂ ಬಿಡ್ತು, ಅದು ದೊಡ್ಡ ವಿಷಯ ಅಲ್ಲ, ನನಗೆ ವಾಪಸ್ ಬರೋಕೆ ಊರಿತ್ತು.

ಈಗ ನಿಮ್ಮ ಪ್ರಶ್ನೆ. ಫೇರ್‌ಟ್ರೇಡ್ ಹೆಸರು ನೀವು ಕೇಳಿರೋದು ಬಹುಶಃ ಹೂವಿಂದ. ನೈವಾಶಾ ಸರೋವರದ ಸುತ್ತ ಗುಲಾಬಿ ಫಾರ್ಮುಗಳಲ್ಲಿ ಅದು ಕೆಲಸ ಮಾಡುತ್ತೆ, ಬೆಲೆ ಮೇಲೆ ಹೆಚ್ಚಿಗೆ ಬರೋ ಪ್ರೀಮಿಯಂ ದುಡ್ಡಲ್ಲಿ ಕೆಲಸಗಾರರು ಶಾಲೆ ಆಸ್ಪತ್ರೆ ಮಾಡ್ಕೊಂಡಿದಾರೆ, ನಾನು ಅಲ್ಲಗಳೆಯಲ್ಲ. ಅಲ್ಲಿ ಯೂನಿಯನ್ ಇದೆ, ಮಾಲೀಕರ ಸಂಘದ ಜೊತೆ ಕೂತು ಕೂಲಿ ಒಪ್ಪಂದ ಮಾಡುತ್ತೆ, ನನ್ನ ಕೇಳಿದ್ರೆ ಸರ್ಟಿಫಿಕೇಟಿಗಿಂತ ಅದೇ ದೊಡ್ಡದು. ಆದ್ರೂ 2010ರ ಏಪ್ರಿಲಲ್ಲಿ ಐಸ್‌ಲ್ಯಾಂಡ್ ಜ್ವಾಲಾಮುಖಿ ಬೂದಿಗೆ ಯುರೋಪಿನ ವಿಮಾನ ನಿಂತಾಗ ಹೂವು ಗೊಬ್ಬರ ಆಯ್ತು, ಮೊದಲು ಮನೆಗೆ ಹೋದವರು ದಿನಗೂಲಿಯವರು. 2014ರ ಅಕ್ಟೋಬರಲ್ಲಿ ಯುರೋಪಿನ ಜೊತೆ ವ್ಯಾಪಾರ ಒಪ್ಪಂದ ಟೈಮಿಗೆ ಮುಗೀಲಿಲ್ಲ ಅಂತ ಕೀನ್ಯಾದ ಹೂವಿಗೆ ಸುಂಕ ಬಿತ್ತು, ಡಿಸೆಂಬರ್ ಕೊನೇವರೆಗೂ ಕಟ್ಟಿದ್ರು, ಪಕ್ಕದ ಇಥಿಯೋಪಿಯಾ ಅತಿ ಬಡ ದೇಶಗಳ ಪಟ್ಟೀಲಿ ಇರೋದ್ರಿಂದ ಅದಕ್ಕೆ ಸುಂಕ ಇಲ್ಲ. ಈಗ 2024ರ ಜುಲೈ 1ರಿಂದ ಹೊಸ ಒಪ್ಪಂದ ಜಾರೀಲಿದೆ, ಸುಂಕದ ಭಯ ಹೋಯ್ತು, ಸಂತೋಷ. ಆದ್ರೆ ಸುಂಕ ಉಳಿದ ದುಡ್ಡು ಮ್ವೇಯಾದ ಹೊಲಕ್ಕೆ ಬರುತ್ತೆ ಅಂತ ಆ ಒಪ್ಪಂದದಲ್ಲಿ ಎಲ್ಲೂ ಬರೆದಿಲ್ಲ.

ಅದಕ್ಕೇ ಹೇಳೋದು, ಕೋರ್ಸಿಗೆ ದುಡ್ಡು ಕಟ್ಟೋ ಮೊದಲು ಕಂಪನಿ ರೈತರ ಜೊತೆ ಮಾಡ್ಕೊಳ್ಳೋ ಕಾಂಟ್ರಾಕ್ಟಿನ ಕಾಪಿ ತರಿಸ್ಕೊಳ್ಳಿ. ಗ್ರೇಡಿಂಗ್ ಎಲ್ಲಿ ಆಗುತ್ತೆ, ರೈತರ ಕಡೆಯವರು ಯಾರಾದ್ರೂ ಅಲ್ಲಿ ನಿಂತಿರ್ತಾರಾ, ರಿಜೆಕ್ಟ್ ಆದ ಕಾಯಿ ವಾಪಸ್ ಬರುತ್ತಾ, ಲ್ಯಾಬ್ ಫೀಸು ಯಾರದು, ಬಿತ್ತೋಕೆ ಮುಂಚೆ ಹೇಳಿದಷ್ಟು ತೂಕ ಆರ್ಡರ್ ಬಿದ್ರೂ ತಗೋತಾರಾ ನೋಡಿ. ಎಂ-ಪೆಸಾ ಯಾರ ನಂಬರಿಗೆ ಹೋಗುತ್ತೆ ಅಂತಾನೂ ಕೇಳಿ, ನಮ್ಮಲ್ಲಿ ಜಮೀನು ಗಂಡನ ಹೆಸರಲ್ಲಿ ಅಂತ ದುಡ್ಡು ಅವನಿಗೆ ಹೋಗ್ತಿತ್ತು, ಹೊಲದಲ್ಲಿ ಬಗ್ಗಿ ಕೀಳ್ತಿದ್ದವಳು ಹೆಂಡತಿ. ಇದಕ್ಕೆ ಕಂಪನಿ ಸರಿಯಾಗಿ ಉತ್ತರ ಕೊಟ್ರೆ ಗ್ಲೋಬಲ್‌ಗ್ಯಾಪ್ ಅವರೇ ಕಲಿಸ್ತಾರೆ, ಕಷ್ಟ ಏನಿಲ್ಲ, ರಿಜಿಸ್ಟರ್ ಇಡೋ ಶಿಸ್ತು ಅದು. ಕಾಂಟ್ರಾಕ್ಟು ಕಂಪನಿ ಸೀಕ್ರೆಟ್ ಅಂದ್ರೆ ಹೋಗ್ಬೇಡಿ, ಎಷ್ಟೇ ಸಂಬಳ ಇರ್ಲಿ.

ಹೊರಡೋಕೆ ಮುಂಚೆ ತುಮಕೂರು, ಹಾಸನ ಕಡೆ ರಫ್ತಿಗೆ ಮಿಡಿ ಸೌತೆ ಬೆಳೆಸೋ ಊರಿಗೆ ಹೋಗಿ ಕಲೆಕ್ಷನ್ ಸೆಂಟರಲ್ಲಿ ಒಂದು ದಿನ ಕೂತ್ಕೊಳ್ಳಿ. ಅಲ್ಲೂ ಸೈಜ್ ಮೇಲೇ ರೇಟು, ಬೀಜ ಗೊಬ್ಬರ ಕಂಪನಿ ಸಾಲ. ತಕ್ಕಡಿ ಹತ್ರ ನಿಲ್ಲಬೇಡಿ, ವಾಪಸ್ ಚೀಲ ಕಟ್ಕೊಂಡು ಹೋಗ್ತಾರಲ್ಲ, ಅವರ ಜೊತೆ ಮಾತಾಡಿ.