ಮೊದಲು ಗಿಡ ಬೇರೂರಲಿ, ಮೀನು ಆಮೇಲೆ

ಪ್ರಶ್ನೆ: 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಗಾಜಿನ ತೊಟ್ಟಿ ತಂದಿದ್ದೇನೆ. ಜೀವಂತ ಗಿಡಗಳನ್ನೇ ಬೆಳೆಸುವ ಆಸೆ. ತಳಕ್ಕೆ ಏನು ಹಾಕಲಿ? ಮೀನು ಯಾವಾಗ ಬಿಡಬಹುದು?

ಉತ್ತರ: ನೀರು, ಜಲ್ಲಿ, ಗಾಜು ಎಲ್ಲ ಸೇರಿದರೆ ತೂಕ 70 ಕಿಲೋ ಆಸುಪಾಸು ಆಗುತ್ತದೆ. ಹಾಗಾಗಿ ಅಲುಗದ, ಸಮತಟ್ಟಾದ ಮೇಜು ಬೇಕು. ನೇರ ಬಿಸಿಲು ಬೀಳಬಾರದು.

ತಳಕ್ಕೆ ಅಕ್ವೇರಿಯಂ ಗಿಡಗಳಿಗೆಂದೇ ಮಾರುವ ಪೋಷಕ ಮಣ್ಣು 2 ಸೆಂ.ಮೀ., ಅದರ ಮೇಲೆ 2-3 ಮಿ.ಮೀ. ಗಾತ್ರದ ತೊಳೆದ ಜಲ್ಲಿ 4 ಸೆಂ.ಮೀ. ಹರಡಿ. ಜಲ್ಲಿ ಸುಮಾರು 11 ಕಿಲೋ ಬೇಕಾದೀತು. ನಾಲ್ಕು ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಿ. ನೊರೆ ಬಂದರೆ ಸುಣ್ಣವಿದೆ ಎಂದರ್ಥ, ನೀರು ಗಡಸಾಗುತ್ತದೆ, ಅಂಥದ್ದು ಬೇಡ. ತಟ್ಟೆಯೊಂದನ್ನಿಟ್ಟು ಅದರ ಮೇಲೆ ನೀರು ಸುರಿದರೆ ಮಣ್ಣು ಕದಡುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಬೆರೆಸಲೇಬೇಕು.

ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರಿನ್, ಅನುಬಿಯಾಸ್, ಜಾವಾ ಫರ್ನ್ ಇವಿಷ್ಟು ಮೊದಲ ಸಲಕ್ಕೆ ಸಾಕು. ಇವಕ್ಕೆ ನೀರಿನೊಳಗೆ ಇಂಗಾಲದ ಡೈಆಕ್ಸೈಡ್ ಬಿಡುವ ಸಿಲಿಂಡರ್ ಬೇಕಿಲ್ಲ. ಮೊದಲೆರಡನ್ನು ಚಿಮಟದಿಂದ ಜಲ್ಲಿಯಲ್ಲಿ ನೆಡಿ. ಉಳಿದೆರಡರ ದಪ್ಪ ಅಡ್ಡಕಾಂಡ ಹೂತುಹೋದರೆ ಕೊಳೆಯುತ್ತದೆ, ಅವನ್ನು ದಾರದಿಂದ ಕಲ್ಲಿಗೆ ಕಟ್ಟಿ. ಗಿಡಗಳ ವಿಷಯದಲ್ಲಿ ಜಿಪುಣತನ ಬೇಡ: ಮೊದಲ ದಿನವೇ ಒತ್ತಾಗಿ ನೆಡದಿದ್ದರೆ ಪೋಷಕಾಂಶವೆಲ್ಲ ಪಾಚಿಯ ಪಾಲು. ದೀಪಕ್ಕೆ ಟೈಮರ್ ಹಾಕಿ, ದಿನಕ್ಕೆ 6 ಗಂಟೆ ಮಾತ್ರ.

ಮೀನಿಗೆ ಸಾಮಾನ್ಯವಾಗಿ 4ರಿಂದ 6 ವಾರ ಕಾಯಬೇಕು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡಿದ ಮೇಲಷ್ಟೇ ಅಪಾಯ ತಗ್ಗುವುದು; ನೈಟ್ರೇಟ್ ಗಿಡಗಳಿಗೆ ಆಹಾರವೂ ಹೌದು. ಈ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ಸಮಯ ಬೇಕು, ಅವುಗಳಿಗೆ ಉಣ್ಣಲು ಅಮೋನಿಯಾವೂ ಬೇಕು. ಅದಕ್ಕಾಗಿ ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ಆಹಾರ ಹಾಕುತ್ತಿದ್ದರೂ ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಕೆಲವು ದಿನ ಸತತವಾಗಿ ಸೊನ್ನೆ ತೋರಿಸಿದರೆ ನಾಲ್ಕೈದು ಸಣ್ಣ ಮೀನು ಬಿಡಿ. ನೀರು ತಿಳಿಯಾಗಿದೆ ಎಂದು ನಂಬಿ ಬಿಡಬೇಡಿ, ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಪ್ರಶ್ನೆ: ತೊಟ್ಟಿ ಹೂಡಿ ಮೂರು ವಾರವಾಯಿತು. ಕ್ರಿಪ್ಟೊಕೊರಿನ್ ಎಲೆಗಳು ಕರಗಿಹೋಗುತ್ತಿವೆ, ಗಾಜಿಗೆ ಕಂದು ಪುಡಿ ಅಂಟಿದೆ. ಎಲ್ಲ ತೆಗೆದು ತೊಳೆಯಲೇ?

ಉತ್ತರ: ದಯವಿಟ್ಟು ಬೇಡ. ನರ್ಸರಿಗಳಲ್ಲಿ ಈ ಗಿಡಗಳನ್ನು ಹೆಚ್ಚಾಗಿ ನೀರಿನ ಹೊರಗೆ ಬೆಳೆಸುತ್ತಾರೆ. ಮುಳುಗಿದಾಗ ಹಳೆಯ ಎಲೆ ಸತ್ತು, ನೀರಿಗೆ ಒಗ್ಗಿದ ಹೊಸ ಎಲೆ ಬುಡದಿಂದ ಬರುತ್ತದೆ. ಬೇರು ಗಟ್ಟಿಯಾಗಿ, ಬಿಳಿಯಾಗಿದ್ದರೆ ಗಿಡ ಬದುಕಿದೆ. ಕೊಳೆತ ಎಲೆಗಳನ್ನಷ್ಟೇ ಕತ್ತರಿಸಿ ಹೊರಹಾಕಿ. ಕಿತ್ತು ಬೇರೆಡೆ ನೆಟ್ಟರೆ ಮತ್ತೆ ಕರಗುತ್ತದೆ.

ಕಂದು ಪುಡಿ ಡಯಾಟಮ್ ಎಂಬ ಪಾಚಿ, ಹೊಸ ತೊಟ್ಟಿಗಳಲ್ಲಿ ಸಾಮಾನ್ಯ. ಸ್ಪಂಜಿನಿಂದ ಒರೆಸಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಫಿಲ್ಟರ್ ಸ್ಪಂಜನ್ನು ಮಾತ್ರ ನಲ್ಲಿಯಡಿ ಹಿಡಿಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ತೊಳೆಯಿರಿ.